ಮೆಶ್ ವೈ-ಫೈ, ಪವರ್‌ಲೈನ್, ಕ್ಯಾಟ್ 6: ದಪ್ಪ ಗೋಡೆಯ ಮನೆಗೆ ಯಾವುದು?

ಬೆಳಗಾವಿಯ ಹಳೆಯ ಮನೆಗಳ ಜಂಬಿಟ್ಟಿಗೆ ಗೋಡೆ ಬೇಸಿಗೆಯಲ್ಲಿ ತಂಪು ಕೊಡುತ್ತದೆ, ಆದರೆ ವೈ-ಫೈಯನ್ನು ನುಂಗಿಬಿಡುತ್ತದೆ. ಶಹಾಪುರದ ನಮ್ಮ ಮನೆಯಲ್ಲಿ ಫೈಬರ್ ಬಂದು ನಿಲ್ಲುವುದು ಪಡಸಾಲೆಯಲ್ಲಿ, ನನ್ನ ಕಚೇರಿ ಇರುವುದು ಹಿತ್ತಲ ಕೋಣೆಯಲ್ಲಿ. ನಡುವೆ ಒಂದೂವರೆ ಅಡಿ ದಪ್ಪದ ಎರಡು ಗೋಡೆಗಳಿವೆ. ಸಂಪರ್ಕ 300 ಎಂಬಿಪಿಎಸ್‌ನದು. ಅದನ್ನು ಮೇಜಿನವರೆಗೆ ತರಲು ಮೂರು ದಾರಿಗಳನ್ನೂ ಬಳಸಿ ನೋಡಿದೆ.

ಮೆಶ್ ಎಂದರೆ ಮನೆಯಲ್ಲಿ ಅಲ್ಲಲ್ಲಿ ಇಟ್ಟ ವೈ-ಫೈ ಪೆಟ್ಟಿಗೆಗಳು ಸೇರಿ ಒಂದೇ ಜಾಲ ಕೊಡುವ ವ್ಯವಸ್ಥೆ. ಅದನ್ನು ಹಾಕುವುದು ಎಲ್ಲಕ್ಕಿಂತ ಸುಲಭ. ಮೊಬೈಲ್ ಹಿಡಿದು ಓಡಾಡುವವರಿಗೆ ಅದೇ ಸಾಕು. ಆದರೆ ಎರಡನೆಯ ಪೆಟ್ಟಿಗೆ ಮೊದಲನೆಯದರ ಜೊತೆ ಮಾತನಾಡುವುದೂ ಗಾಳಿಯಲ್ಲೇ, ನನ್ನ ಲ್ಯಾಪ್‌ಟಾಪ್ ಜೊತೆ ಮಾತನಾಡುವುದೂ ಗಾಳಿಯಲ್ಲೇ. ಹೀಗಾಗಿ ಕೋಣೆಗೆ ತಲುಪುತ್ತಿದ್ದುದು ನೂರರ ಆಸುಪಾಸು. ವೇಗಕ್ಕಿಂತ ಹೆಚ್ಚು ಕಾಡಿದ್ದು ಏರಿಳಿತ. ವೀಡಿಯೊ ಕರೆಯಲ್ಲಿ ಎದುರಿನವರ ಮಾತು ತುಂಡುತುಂಡಾಗಿ ಕೇಳಿಸುತ್ತಿತ್ತು.

ಪವರ್‌ಲೈನ್ ಅಡಾಪ್ಟರ್ ಮನೆಯ ವಿದ್ಯುತ್ ತಂತಿಯಲ್ಲೇ ಮಾಹಿತಿ ಸಾಗಿಸುತ್ತದೆ. ನಮ್ಮಲ್ಲಿ ಇದನ್ನು ಕೊಳ್ಳುವ ಮುನ್ನ ಎರಡು ಬಾರಿ ಯೋಚಿಸಬೇಕು. ತ್ರೀ-ಫೇಸ್ ಮನೆಯಲ್ಲಿ ಎರಡು ಪ್ಲಗ್‌ಗಳು ಬೇರೆ ಬೇರೆ ಫೇಸ್‌ನಲ್ಲಿದ್ದರೆ ಸಂಕೇತ ಸೊರಗುತ್ತದೆ, ಕೆಲವೊಮ್ಮೆ ಸಿಗುವುದೇ ಇಲ್ಲ. ಮಿಕ್ಸರ್ ಅಥವಾ ನೀರಿನ ಮೋಟಾರ್ ಶುರುವಾದೊಡನೆ ನನ್ನ ವೇಗ ಕುಸಿಯುತ್ತಿತ್ತು. ಕರೆಂಟ್ ಹೋದರಂತೂ ಇನ್ವರ್ಟರ್ ಮೇಲೆ ರೌಟರ್ ಉರಿಯುತ್ತಿದ್ದರೂ ಇನ್ವರ್ಟರ್ ಲೈನಿನಲ್ಲಿಲ್ಲದ ಪ್ಲಗ್‌ನ ಅಡಾಪ್ಟರ್ ಸತ್ತಿರುತ್ತದೆ. ಮನೆಯಿಂದ ಕೆಲಸ ಮಾಡುವವರಿಗೆ ಇದನ್ನು ನಾನು ಹೇಳುವುದಿಲ್ಲ.

ಉಳಿದದ್ದು ನೆಟ್‌ವರ್ಕ್ ಕೇಬಲ್. ಕ್ಯಾಟ್ 5ಇ, 6, 6ಎ ಎನ್ನುವುದು ಅದರ ದರ್ಜೆಗಳು. ಜಂಬಿಟ್ಟಿಗೆಯಲ್ಲಿ ಕೇಬಲ್ ಹೂಳಲು ಕಾಲುವೆ ತೆಗೆದರೆ ಉದುರುತ್ತದೆ. ಮಳೆಗಾಲದಲ್ಲಿ ಹೊರಗೋಡೆ ಒಳಮೈಯಲ್ಲೂ ತೇವ ಬಿಡುತ್ತದೆ. ಆದ್ದರಿಂದ ಗೋಡೆ ಒಡೆಸದೆ ಒಳಗೋಡೆಗುಂಟ ಪಿವಿಸಿ ಕೇಸಿಂಗ್ ಪಟ್ಟಿ ಹೊಡೆಸಿ, ಉದ್ದನೆಯ ಬಿಟ್‌ನಿಂದ ತೂತು ಕೊರೆಸಿ ಕ್ಯಾಟ್ 6 ಎಳೆಸಿದೆ. ಕ್ಯಾಟ್ 5ಇ ಕೂಡ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ (1000 ಎಂಬಿಪಿಎಸ್) ಒಯ್ಯುತ್ತದೆ. ಕ್ಯಾಟ್ 6 ಸುಮಾರು 55 ಮೀಟರ್‌ವರೆಗೆ 10 ಗಿಗಾಬಿಟ್ ತಾಳುತ್ತದೆ. ಮನೆಯೊಳಗಿನ ಅಂತರಕ್ಕೆ ಇದಕ್ಕಿಂತ ದಪ್ಪವಾಗಿ, ಬಾಗದೆ ಸತಾಯಿಸುವ 6ಎ ಬೇಕಿಲ್ಲ.

ಯಾವ ಕ್ಯಾಟ್ ಎನ್ನುವುದಕ್ಕಿಂತ ತಂತಿ ಯಾವ ಲೋಹದ್ದು ಎನ್ನುವುದು ದೊಡ್ಡ ಪ್ರಶ್ನೆ. ಅಗ್ಗದ ಸುರುಳಿಗಳಲ್ಲಿ ಸಿಸಿಎ ಎಂಬುದಿದೆ, ಅಂದರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಕತ್ತಿಯಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಕೈಯಲ್ಲಿ ಎತ್ತಿದರೂ ಹಗುರ. ಅಲ್ಯೂಮಿನಿಯಂ ವಾಹಕತೆ ತಾಮ್ರದ ಶೇ. 60ರಷ್ಟು ಮಾತ್ರ, ಜೊತೆಗೆ ಬಾಗಿಸಿದಲ್ಲಿ ಬೇಗ ತುಂಡಾಗುತ್ತದೆ. ಮುಂದೆ ಅದೇ ಕೇಬಲ್‌ನಿಂದ ಕ್ಯಾಮೆರಾಗೆ ವಿದ್ಯುತ್ ಕೊಡುವುದಾದರೆ ಬಿಸಿಯೂ ಆಗುತ್ತದೆ. ಅಂಗಡಿಯಲ್ಲಿ ನಾಚಿಕೊಳ್ಳದೆ ಒಂದು ತುದಿ ಕೆರೆದು ನೋಡಿ.

ತುದಿಯ ವಿಷಯದಲ್ಲೂ ಎರಡು ಪಕ್ಷಗಳಿವೆ. ಬಹಳಷ್ಟು ವೈರ್‌ಮನ್‌ಗಳು ಗೋಡೆಯಿಂದ ಬಂದ ಕೇಬಲ್‌ಗೇ ನೇರ ಆರ್‌ಜೆ45 ಎಂಬ ನೆಟ್‌ವರ್ಕ್ ಪ್ಲಗ್ ಒತ್ತಿ ಕೊಟ್ಟು ಹೋಗುತ್ತಾರೆ. ಗೋಡೆಗೆ ಹಾಕುವ ಕೇಬಲ್‌ನ ತಂತಿ ಗಟ್ಟಿ ಒಂಟಿ ಎಳೆಯದು. ದಿನವೂ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ತೆಗೆಯುವ ಎಳೆದಾಟ ಅದಕ್ಕೆ ಒಗ್ಗುವುದಿಲ್ಲ. ಗೋಡೆಯಲ್ಲಿ ಔಟ್‌ಲೆಟ್ ಕೂರಿಸಿ, ಅಲ್ಲಿಂದ ಮುಂದೆ ಮೆತ್ತನೆಯ ಸಿದ್ಧ ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಪ್ಲಗ್ ಇರುವ ಗಿಡ್ಡ ಕೇಬಲ್) ಬಳಸುವುದೇ ಸರಿ. ಕಾರ್ಡ್ ಕೆಟ್ಟರೆ ಬದಲಿಸಬಹುದು, ಗೋಡೆಯ ಕೇಬಲ್ ಹಾಗೇ ಇರುತ್ತದೆ.

ಔಟ್‌ಲೆಟ್‌ನ ಮಾಡ್ಯೂಲ್ ಮೇಲೆ ಎ ಮತ್ತು ಬಿ ಎಂದು ತಂತಿಗಳ ಬಣ್ಣದ ಎರಡು ಕ್ರಮ ಅಚ್ಚಾಗಿರುತ್ತದೆ. ಯಾವುದಾದರೂ ಸರಿ, ಎರಡೂ ತುದಿಯಲ್ಲಿ ಒಂದೇ ಇರಬೇಕು. ಕೇಬಲ್‌ನೊಳಗಿನ ಎಂಟು ತಂತಿಗಳು ಎರಡೆರಡಾಗಿ ಹೊಸೆದ ನಾಲ್ಕು ಜೋಡಿಗಳು. ಜೋಡಿಯ ಹೊಸೆತವನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು. ಹೊರಗಿನ ವಿದ್ಯುತ್ ಗದ್ದಲವನ್ನು ತಡೆಯುವುದೇ ಆ ಹೊಸೆತ. ಇಲ್ಲೊಂದು ಮೋಸವಿದೆ. ಎಂಟು ದೀಪಗಳ ಅಗ್ಗದ ಟೆಸ್ಟರ್ ತಂತಿ ತುಂಡಾಗಿದೆಯೇ, ಎರಡೂ ತುದಿಯ ಕ್ರಮ ಒಂದೇ ಇದೆಯೇ ಎಂದಷ್ಟೇ ಹೇಳುತ್ತದೆ. ಒಂದು ಜೋಡಿಯ ತಂತಿ ಇನ್ನೊಂದು ಜೋಡಿಯ ಜಾಗಕ್ಕೆ ಹೋಗಿದ್ದರೂ ಎರಡೂ ತುದಿಯಲ್ಲಿ ಒಂದೇ ತಪ್ಪಿದ್ದರೆ ದೀಪಗಳು ಸಾಲಾಗಿ ಹೊತ್ತಿಕೊಳ್ಳುತ್ತವೆ. ಆದ್ದರಿಂದ ಬಣ್ಣವನ್ನು ಕಣ್ಣಾರೆ ನೋಡಿಕೊಂಡು, ಲ್ಯಾಪ್‌ಟಾಪ್‌ನಲ್ಲಿ ಲಿಂಕ್ 1 ಗಿಗಾಬಿಟ್ ತೋರಿಸುತ್ತಿದೆಯೇ ಎಂದೂ ಪರೀಕ್ಷಿಸಬೇಕು. ಗಿಗಾಬಿಟ್‌ಗೆ ನಾಲ್ಕೂ ಜೋಡಿಗಳು ಬೇಕು. 100 ತೋರಿಸಿದರೆ ಎಲ್ಲೋ ಒಂದು ಜೋಡಿ ಸರಿಯಾಗಿ ಕೂತಿಲ್ಲವೆಂದೇ ಮೊದಲು ಅನುಮಾನಿಸಿ.

230 ವೋಲ್ಟ್‌ನ ಸ್ವಿಚ್ ಬೋರ್ಡ್‌ನಲ್ಲೇ ಜಾಗ ಖಾಲಿಯಿದೆ ಎಂದು ಈ ಮಾಡ್ಯೂಲನ್ನು ಅಲ್ಲಿ ತುರುಕಲು ಬಿಡಬೇಡಿ, ಬೇರೆ ಬಾಕ್ಸ್ ಹಾಕಿಸಿ. ಪಟ್ಟಿ ಹೊಡೆಯುವಾಗಲೇ ಒಂದರ ಬದಲು ಎರಡು ಕೇಬಲ್ ಎಳೆಸಿ. ನಾನು ಎರಡನೆಯದನ್ನು ಮೆಶ್‌ನ ಪೆಟ್ಟಿಗೆಗೆ ಕೊಟ್ಟಿದ್ದೇನೆ. ಈಗ ಹಿತ್ತಲ ಕೋಣೆಯಲ್ಲಿ ಮೊಬೈಲ್‌ಗೂ ಹೆಚ್ಚುಕಡಿಮೆ ಪೂರ್ತಿ 300 ಸಿಗುತ್ತಿದೆ.