ಬಳ್ಳಾರ್ಯಾಗ ಎತ್ತರದ ಫ್ಲ್ಯಾಟ್: ಸ್ಟಿಲ್ಟ್ ಇದ್ದದ್ದೋ, ಪೋಡಿಯಂ ಇದ್ದದ್ದೋ?

ಬಳ್ಳಾರ್ಯಾಗ ಎತ್ತರದ ಅಪಾರ್ಟ್‌ಮೆಂಟ್ ನೋಡಾಕತ್ತೀರಿ ಅಂದ್ರ ಬಾಲ್ಕನಿ ವ್ಯೂ ಆಮೇಲೆ, ಮೊದ್ಲು ಕೆಳಗ ನಿಂತು ಗಾಳಿ ನೋಡ್ರಿ. ಎತ್ತರದ ಗೋಡೆಗೆ ಬಡಿದ ಗಾಳಿ ಕೆಳಗ ಇಳಿದು ಮೂಲ್ಯಾಗ ಜೋರಾಗಿ ತಿರುಗ್ತೈತಿ, ಸ್ಟಿಲ್ಟ್ ಪಾರ್ಕಿಂಗ್ (ಕಂಬದ ಮ್ಯಾಲೆ ನಿಂತ ಕಟ್ಟಡದ ಕೆಳಗಿನ ಜಾಗ) ಎರಡೂ ಕಡೆ ಖುಲ್ಲಾ ಇದ್ರಂತೂ ಕಂಬದ ನಡುವಿಂದ ನುಗ್ಗಿ ಬರ್ತೈತಿ, ಆಷಾಢದಾಗ ಧೂಳು ಸಮೇತ, ಅಂಥಾ ಜಾಗದಾಗ ವಯಸ್ಸಾದೋರು ಕೂಡೋ ಬೆಂಚ್ ಹಾಕಿದ್ರ ನಂಗ ಭಾಳ ಸಂಕಟ ಆಗ್ತೈತಿ. ಗಾಳಿ ಜನಕ್ಕ ಎಷ್ಟು ಆರಾಮ ಅಂತ ಅಳೆಯೋ ಲಾಸನ್ ಮಾನದಂಡದಾಗ ಆರಾಮಾಗಿ ಕೂಡಾಕ ಗಾಳಿ ವೇಗ ಸೆಕೆಂಡಿಗೆ 4 ಮೀಟರ್, ಅಡ್ಡಾಡಾಕ 8 ಮೀಟರ್ ಅಷ್ಟ ಮಿತಿ.

ಪೋಡಿಯಂ (ಎತ್ತರದ ಕಟ್ಟಡದ ಬುಡದಾಗ ಅದಕ್ಕಿಂತ ಅಗಲಾಗಿ ಕಟ್ಟಿದ ಗಿಡ್ಡ ಭಾಗ) ಇದ್ರ ಇಳಿಯೋ ಗಾಳಿನ ಅದರ ಚಾವಣಿ ತಡೀತೈತಿ, ರೋಡಿನ್ಯಾಗ ನಡೆಯೋರಿಗೆ ಆರಾಮ. ಆದ್ರ ಮಕ್ಕಳ ಆಟದ ಜಾಗ ಅದರ ಮ್ಯಾಲೇ ಇದ್ರ ಹೊಡ್ತ ಅಲ್ಲಿಗೆ, ಗಿಡ, ಗಾಳಿತಡೆ ಅದಾವೇನು ಕೇಳ್ರಿ. ಏಪ್ರಿಲ್ ಬಿಸಿಲಿಗೆ ಸ್ಟಿಲ್ಟ್ ಗಾಳಿ ಬೇಕನಿಸ್ತೈತಿ ಖರೆ, ಆದ್ರೂ ಅಜ್ಜ ಅಜ್ಜಿ ಇರೋ ಮನಿಗೆ ನಾನು ಪೋಡಿಯಂನ ಹೇಳ್ತೀನ್ರಿ.