ಶಾಲೆಗೇ ಬರುವ ಎಚ್‌ಪಿವಿ ಲಸಿಕೆ: ಒಂದು ಸೇವೆಯ ವಿಮರ್ಶೆ

ಹದಿಹರೆಯದವರಿಗೆ ಲಸಿಕೆ ತಲುಪಿಸುವ ವ್ಯವಸ್ಥೆಗಳಲ್ಲಿ, ಶಾಲೆಗೇ ಬಂದು ಎಚ್‌ಪಿವಿ ಲಸಿಕೆ (ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣವಾದ ಎಚ್‌ಪಿವಿ ವೈರಸ್ಸನ್ನು ತಡೆಯುವ ಲಸಿಕೆ) ಹಾಕುವ ಸೇವೆಯನ್ನು ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುತ್ತೇನೆ. ಅದರ ಕೊರತೆಗಳನ್ನು ಬರೆಯಬೇಕೆನಿಸಿದ್ದೂ ಆ ಮೆಚ್ಚುಗೆಯಿಂದಲೇ. ಹಸುಗೂಸನ್ನು ಲಸಿಕೆಗಾಗಿ ಆಸ್ಪತ್ರೆಗೆ ಎತ್ತಿಕೊಂಡು ಹೋಗುವ ರೂಢಿ ಎಲ್ಲೆಡೆ ಇದೆ, ಆದರೆ ಆರೋಗ್ಯವಾಗಿ ಓಡಾಡಿಕೊಂಡಿರುವ ಹನ್ನೆರಡರ ಹುಡುಗಿಯನ್ನು ಯಾರೂ ಹಾಗೆ ಕರೆದೊಯ್ಯುವುದಿಲ್ಲ. ಆದ್ದರಿಂದ ಲಸಿಕೆಯನ್ನು ಆಸ್ಪತ್ರೆಯಲ್ಲಿಟ್ಟು ಕಾದು ಕುಳಿತರೆ, ಒಂದು ದಿನದ ದುಡಿಮೆಯನ್ನೂ ಬಿಡಲಾಗದ, ಪಟ್ಟಣದಿಂದ ದೂರವಿರುವ ಮನೆಗಳ ಮಕ್ಕಳೇ ಮೊದಲು ತಪ್ಪಿಹೋಗುತ್ತಾರೆ. ಗರ್ಭಕಂಠದ ಕ್ಯಾನ್ಸರಿನಿಂದ 2022ರಲ್ಲಿ ಜಗತ್ತಿನಲ್ಲಿ ಸುಮಾರು 3.5 ಲಕ್ಷ ಮಹಿಳೆಯರು ಸತ್ತರು, ಅವರಲ್ಲಿ ಶೇ. 94ರಷ್ಟು ಮಂದಿ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳವರು.

ಈ ಸೇವೆಯನ್ನು ಮನಸ್ಸಿಟ್ಟು ನಡೆಸಿದರೆ ಏನಾಗುತ್ತದೆಂಬುದಕ್ಕೆ ಪುರಾವೆ ಇದೆ. 2011ರಲ್ಲಿ ರುವಾಂಡಾ ಶಾಲೆಗಳ ಮೂಲಕ ಲಸಿಕೆ ಆರಂಭಿಸಿ, ಶಾಲೆಯಲ್ಲಿಲ್ಲದ ಹುಡುಗಿಯರನ್ನು ಊರಿನ ಆರೋಗ್ಯ ಕಾರ್ಯಕರ್ತರಿಂದ ಹುಡುಕಿಸಿ, ಮೊದಲ ವರ್ಷವೇ ಗುರಿಯಿಟ್ಟ ಹುಡುಗಿಯರಲ್ಲಿ ಶೇ. 90ಕ್ಕಿಂತ ಹೆಚ್ಚು ಮಂದಿಗೆ ಲಸಿಕೆ ತಲುಪಿಸಿತು. ಸ್ಕಾಟ್ಲೆಂಡಿನಲ್ಲಿ 2008ರಿಂದ ಹನ್ನೆರಡು–ಹದಿಮೂರನೆಯ ವಯಸ್ಸಿನಲ್ಲಿ ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರಿನ ಒಂದು ಪ್ರಕರಣವೂ ಕಂಡುಬಂದಿಲ್ಲವೆಂದು 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಇನ್ನು ಕೊರತೆಗಳು. ಮೊದಲನೆಯದು ಒಪ್ಪಿಗೆ ಪತ್ರ. ಸಣ್ಣ ಅಕ್ಷರಗಳಲ್ಲಿ, ವೈದ್ಯರ ಭಾಷೆಯಲ್ಲಿ ಅಚ್ಚಾದ ಹಾಳೆ ಹುಡುಗಿಯ ಚೀಲದಲ್ಲಿ ಮನೆಗೆ ಬರುತ್ತದೆ. ತಾಯಿಗೆ ಓದು ಬಾರದಿದ್ದರೆ ಮಗಳೇ ಓದಿ ಹೇಳಬೇಕು, ಅವಳಿಗೋ ಅದರಲ್ಲಿ ಅರ್ಧ ಅರ್ಥವಾಗುವುದಿಲ್ಲ, ಕೇಳಲು ಸಂಕೋಚ ಬೇರೆ. ಸಹಿಯಿಲ್ಲದೆ ಆ ಹಾಳೆ ಚೀಲದಲ್ಲೇ ಉಳಿಯುತ್ತದೆ. ಲಸಿಕೆಯ ದಿನ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಬೀಳುವ ಗುರುತು, ಯೋಚಿಸಿ ಬೇಡವೆಂದ ಮನೆಯವರ ಮಗಳಿಗೆ ಬೀಳುವ ಗುರುತೇ ಆಗಿಬಿಟ್ಟರೆ, ತಿಳಿಯದೆ ಬಿಟ್ಟವರೂ ತಿಳಿದು ನಿರಾಕರಿಸಿದವರೂ ಒಂದೇ ಲೆಕ್ಕಕ್ಕೆ ಸೇರುತ್ತಾರೆ. ಇದನ್ನು ನಾನು ಸಣ್ಣ ತಪ್ಪೆಂದು ಒಪ್ಪಲಾರೆ. ನಿರಾಕರಿಸಿದವರಿಗೆ ಬೇಕಾದದ್ದು ಭರವಸೆ ಹುಟ್ಟಿಸುವ ಮಾತು, ಉತ್ತರ ಬಾರದ ಮನೆಗೆ ಬೇಕಾದದ್ದು ಒಂದು ಫೋನ್ ಕರೆ ಅಥವಾ ಅವರ ಭಾಷೆ ಬಲ್ಲವರ ಭೇಟಿ. ಗುರುತು ಒಂದೇ ಆದರೆ ಎರಡೂ ನಡೆಯುವುದಿಲ್ಲ.

ಎರಡನೆಯದು ಗೈರುಹಾಜರಿ. ತಮ್ಮ ತಂಗಿಯರನ್ನು ನೋಡಿಕೊಳ್ಳಲು, ಕೆಲಸಕ್ಕೆ ನೆರವಾಗಲು, ಇಲ್ಲವೇ ಮುಟ್ಟಿನ ನೋವಿನಿಂದ ಮನೆಯಲ್ಲಿ ಉಳಿಯುವ ಹುಡುಗಿಯರಿಗೆ ತಂಡ ಬಂದುಹೋದದ್ದು ಮರುದಿನವೇ ತಿಳಿಯುತ್ತದೆ. ಶಾಲೆಯನ್ನೇ ಬಿಟ್ಟವರ ಹೆಸರು ಪಟ್ಟಿಯಲ್ಲೇ ಇರುವುದಿಲ್ಲವಾದ್ದರಿಂದ ಶೇಕಡಾ ಲೆಕ್ಕದಲ್ಲೂ ಅವರು ಕಾಣುವುದಿಲ್ಲ. ಇಡೀ ಜಿಲ್ಲೆಯ ಸರಾಸರಿ ಚೆನ್ನಾಗಿದ್ದರೂ ಅದರೊಳಗಿನ ಒಂದು ದೂರದ ಶಾಲೆಯಲ್ಲಿ ಅರ್ಧ ತರಗತಿಯೇ ಬಿಟ್ಟುಹೋಗಿರಬಹುದು.

ವಿಶ್ವ ಆರೋಗ್ಯ ಸಂಸ್ಥೆ 2022ರಿಂದ 9ರಿಂದ 20 ವರ್ಷದವರಿಗೆ ಒಂದೇ ಡೋಸ್ ಸಾಕಾಗಬಹುದೆಂದು ಹೇಳಿರುವುದು ಇಂಥ ಊರುಗಳಿಗೆ ದೊಡ್ಡ ಅನುಕೂಲ: ಎರಡನೆಯ ಡೋಸಿಗೆಂದು ಮೀಸಲಿದ್ದ ವಾಹನ, ನರ್ಸು, ದಿನ ಎಲ್ಲವೂ ಉಳಿಯುತ್ತವೆ. ಉಳಿದದ್ದನ್ನು ಉಳಿತಾಯವೆಂದು ಬರೆದುಕೊಳ್ಳದೆ, ತಂಡವನ್ನು ಅದೇ ತಿಂಗಳೊಳಗೆ ಮತ್ತೊಮ್ಮೆ ಅದೇ ಶಾಲೆಗೆ ಕಳಿಸಲಿ, ಈ ಸಲ ಗೈರುಹಾಜರಾದವರ ಮತ್ತು ಶಾಲೆ ಬಿಟ್ಟವರ ಹೆಸರುಗಳನ್ನು ಕೈಯಲ್ಲಿ ಕೊಟ್ಟು.