ರಾಬರ್ಟ್‌ಸನ್‌ಪೇಟೆಯಲ್ಲಿ ಕೊಂಡ ಕೆನಡಾ ವಜ್ರದ ಉಂಗುರ

ಮಗಳ ಮದುವೆಗೆ ಒಂದು ವಜ್ರದ ಉಂಗುರ ಮಾಡಿಸಬೇಕೆಂದು ಕೋಲಾರದ ಎರಡು ಅಂಗಡಿಗಳನ್ನು ಹತ್ತಿ ಇಳಿದೆ. ಬೆಲೆ ಕೇಳುವ ಮೊದಲೇ, 'ಈ ಹರಳು ಯಾವ ನೆಲದಿಂದ ಬಂದದ್ದು?' ಎಂದು ಕೇಳಿದೆ. ಇಬ್ಬರೂ ನನ್ನ ಮುಖ ನೋಡಿದರು. ಮೂರನೆಯದು ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿರುವ ಹಳೆಯ ಅಂಗಡಿ. ಅಲ್ಲಿನ ಹಿರಿಯರು ಮಾತಾಡದೆ ಎದ್ದು ಒಳಗಿನಿಂದ ಒಂದು ಮಡಿಸಿದ ಕಾಗದದ ಪೊಟ್ಟಣ ತಂದರು. ನಲವತ್ತು ಸೆಂಟಿನ, ಅಂದರೆ 0.4 ಕ್ಯಾರೆಟ್ ತೂಕದ ಹರಳು, ಜೊತೆಗೊಂದು ಕಾರ್ಡು. 'ಕೆನಡಾದ ಗಣಿಯಲ್ಲಿ ತೆಗೆದದ್ದು ಯಜಮಾನರೇ. ಸಂಖ್ಯೆ ಹರಳಿನ ಮೇಲೇ ಇದೆ, ನೋಡಿ' ಎಂದು ಮಸೂರ ಕೈಗಿಟ್ಟರು.

ಹರಳಿನ ನಡುವಿನ ಸಣ್ಣ ಅಂಚಿನಲ್ಲಿ ಲೇಸರ್‌ನಿಂದ ಕೊರೆದ ಸಂಖ್ಯೆ ಅದು. ಬರಿಗಣ್ಣಿಗೆ ಕಾಣುವುದೇ ಇಲ್ಲ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಉಸಿರು ಬಿಗಿಹಿಡಿದು, ಹರಳನ್ನು ಚಿಮುಟದಲ್ಲಿ ಮೆಲ್ಲಗೆ ತಿರುಗಿಸುತ್ತಾ ಹೋದರೆ ಒಂದೊಂದೇ ಅಂಕಿ ಬೂದುಬಣ್ಣದಲ್ಲಿ ಮೇಲೇಳುತ್ತದೆ. ಓದಿ ಮುಗಿಸಲು ನನಗೆ ಹತ್ತು ನಿಮಿಷ ಬೇಕಾಯಿತು. ಅಂಗಡಿಯವರು ಅವಸರ ಮಾಡಲಿಲ್ಲ. ದೀಪವನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿ, ಕಾಫಿ ತರಿಸಿದರು. ಈ ತಾಳ್ಮೆಗೇ ನಾನು ಅರ್ಧ ಸೋತೆ.

ಸಂಖ್ಯೆಗೆ ಯಾಕಿಷ್ಟು ಬೆಲೆ ಕೊಡುತ್ತೇನೆಂದರೆ, ಕೋಲಾರದ ಚಿನ್ನದ ಗಣಿ ಮುಚ್ಚುವ 2001ರವರೆಗೆ ನಾನು ಅಲ್ಲಿನ ಚಾಂಪಿಯನ್ ರೀಫ್‌ನಲ್ಲಿ ಸ್ಯಾಂಪ್ಲಿಂಗ್ ವಿಭಾಗದಲ್ಲಿದ್ದೆ. ಸುರಂಗದ ಗೋಡೆಯಲ್ಲಿ ಅಳತೆ ಹಿಡಿದು, ಉಳಿ ಸುತ್ತಿಗೆಯಿಂದ ಕಲ್ಲಿನ ಚೂರು ಉದುರಿಸಿ, ಬಟ್ಟೆಯ ಚೀಲಕ್ಕೆ ತುಂಬಿ, ಒಳಗೊಂದು ಸಂಖ್ಯೆಯ ಚೀಟಿ ಹಾಕಿ ಕಟ್ಟುವುದು ನಮ್ಮ ಕೆಲಸ. ಟನ್ನಿಗೆ ಎಷ್ಟು ಗ್ರಾಂ ಚಿನ್ನವಿದೆ ಎಂಬ ಲೆಕ್ಕ ಆ ಚೀಲದಿಂದ ಹುಟ್ಟುತ್ತಿತ್ತು. ಬೆವರಿಗೆ ಚೀಟಿ ಒದ್ದೆಯಾಗಿ ಅಂಕಿ ಅಳಿಸಿದರೆ ಆ ಚೀಲವನ್ನು ಅಲ್ಲೇ ಸುರಿದು, ಮತ್ತೆ ಅದೇ ಸೆಕೆಯಲ್ಲಿ ಗೋಡೆಗೆ ಹೋಗಿ ಹೊಸದಾಗಿ ಕೆತ್ತಬೇಕಿತ್ತು.

ಕೆನಡಾದ ವಜ್ರದ ಕಥೆಯೂ ಇಂಥದ್ದೇ ಚೀಲಗಳಿಂದ ಶುರುವಾದದ್ದು. ಚಕ್ ಫಿಪ್ಕೆ ಮತ್ತು ಸ್ಟೂವರ್ಟ್ ಬ್ಲಸನ್ ಎಂಬ ಇಬ್ಬರು ಭೂವಿಜ್ಞಾನಿಗಳು ಸುಮಾರು ಹತ್ತು ವರ್ಷ ಉತ್ತರ ಕೆನಡಾದ ಬಯಲಿನಲ್ಲಿ ಮಣ್ಣು ತುಂಬಿಸುತ್ತಾ ಅಲೆದರು. ಅವರು ಹುಡುಕಿದ್ದು ವಜ್ರದ ಜೊತೆಗಾರ ಖನಿಜಗಳನ್ನು: ನೇರಳೆಗೆಂಪಿನ ಗಾರ್ನೆಟ್, ಹಚ್ಚಹಸಿರಿನ ಕ್ರೋಮ್ ಡಯಾಪ್ಸೈಡ್, ಕಪ್ಪು ಇಲ್ಮೆನೈಟ್. ಹಿಂದಿನ ಹಿಮಯುಗದ ನೀರ್ಗಲ್ಲು, ನೆಲದಾಳದಿಂದ ವಜ್ರ ಹೊತ್ತು ತರುವ ಕಿಂಬರ್ಲೈಟ್ ಎಂಬ ಕಲ್ಲಿನ ಕೊಳವೆಗಳ ತಲೆಯನ್ನು ಕೆರೆದು ಈ ಕಾಳುಗಳನ್ನು ನೂರಾರು ಕಿಲೋಮೀಟರ್ ದೂರ ಚೆಲ್ಲಿತ್ತು. ಕಾಳು ಸಿಕ್ಕಲ್ಲೆಲ್ಲ ಗುರುತು ಹಾಕಿ, ಹಿಮ ಹರಿದು ಬಂದ ದಿಕ್ಕಿಗೆ ಎದುರಾಗಿ ನಡೆದರು. ಲಾಕ್ ಡಿ ಗ್ರಾ ಎಂಬ ದೊಡ್ಡ ಸರೋವರದ ಸೀಮೆಯಲ್ಲಿ ಜಾಡು ನಿಂತಿತು. ಕಿಂಬರ್ಲೈಟ್ ಸುತ್ತಲಿನ ಗ್ರಾನೈಟ್‌ಗಿಂತ ಮೆತ್ತನೆಯ ಕಲ್ಲು. ಹಿಮ ಅದನ್ನು ಹೆಚ್ಚು ತೋಡಿದ್ದರಿಂದ ಕೊಳವೆಗಳ ಮೇಲೆ ಕೆರೆಗಳು ನಿಂತಿದ್ದವು. 1991ರಲ್ಲಿ ಪಾಯಿಂಟ್ ಲೇಕ್ ಎಂಬ ಕೆರೆಯ ಅಡಿಗೆ ಕೊರೆದು ತೆಗೆದ 59 ಕಿಲೋ ಕಲ್ಲಿನಲ್ಲಿ 81 ಪುಟ್ಟ ವಜ್ರಗಳು ಸಿಕ್ಕವು. ಏಳು ವರ್ಷಗಳ ನಂತರ, 1998ರಲ್ಲಿ, ಕೆನಡಾದ ಮೊದಲ ವಜ್ರದ ಗಣಿ ಎಕಾಟಿ ಆರಂಭವಾಯಿತು. 2003ರಲ್ಲಿ ಲಾಕ್ ಡಿ ಗ್ರಾ ಸರೋವರದ ನಡುಗಡ್ಡೆಯ ಮೇಲೆ ಡಯಾವಿಕ್ ಗಣಿ ಬಂದಿತು.

ಈ ಏಳು ವರ್ಷ ಯಾಕೆ ಬೇಕಾಯಿತು ಎಂದು ಮಗಳು ಕೇಳಿದಳು. ಚಿನ್ನದಲ್ಲಿ ಒಂದು ಗ್ರಾಂ ಎಲ್ಲಿದ್ದರೂ ಒಂದು ಗ್ರಾಂ. ವಜ್ರ ಹಾಗಲ್ಲ. ಟನ್ನಿಗೆ 3 ಕ್ಯಾರೆಟ್ ಬಂದರೆ ಅದು ಉತ್ತಮ ಗಣಿ, ತೂಕದಲ್ಲಿ ಬರೀ 0.6 ಗ್ರಾಂ. ಆ 0.6 ಗ್ರಾಂ ಉಂಗುರಕ್ಕಾಗುವ ಒಂದೆರಡು ಹರಳೋ, ಸಾಣೆಗೆ ಬಳಸುವ ಪುಡಿಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೊದಲು ಕಲ್ಲನ್ನು ಕಾಯಿಸಿ ದ್ರವವಾಗಿಸಿದ ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ಸಾಸಿವೆಗಿಂತ ಸಣ್ಣ ಹರಳುಗಳನ್ನು ಜರಡಿ ಹಿಡಿದು ಎಣಿಸುತ್ತಾರೆ. ಆ ಎಣಿಕೆ ಭರವಸೆ ಕೊಟ್ಟರೆ ಮಾತ್ರ ನೂರಾರು, ಸಾವಿರಾರು ಟನ್ ಅಗೆದು, ಸಿಕ್ಕ ವಜ್ರಕ್ಕೆ ಬೆಲೆ ಕಟ್ಟಿಸುತ್ತಾರೆ. ಭಾರದ ಸಾಮಾನು ಸಾಗಿಸಲು ಅಲ್ಲಿ ಕೆರೆಗಳ ಮೇಲಿನ ಹಿಮದ ದಾರಿಯೇ ಗತಿ, ಅದೂ ವರ್ಷಕ್ಕೆ ಸುಮಾರು ಎರಡು ತಿಂಗಳು.

ಇನ್ನು ಅಂಗಡಿಯ ತಪ್ಪುಗಳು. ಮಾರಾಟದ ಹುಡುಗ 'ಕೆನಡಾ ವಜ್ರ ಬೇರೆಲ್ಲಕ್ಕಿಂತ ಬಿಳುಪು' ಎಂದ. ಇದು ಸುಳ್ಳು. ಬಣ್ಣ, ಶುದ್ಧಿ ಆಯಾ ಹರಳಿನದು, ದೇಶದ್ದಲ್ಲ. ನಮ್ಮ ಮಧ್ಯಪ್ರದೇಶದ ಪನ್ನಾ ಗಣಿಯ ಹರಳಿಗೂ ಇದೇ ಮಾತು. ಹಿರಿಯರು ಕೂಡಲೇ ಅವನನ್ನು ತಿದ್ದಿದರು. ಕಾರ್ಡಿನಲ್ಲಿ ದೇಶದ ಹೆಸರಿತ್ತು, ಗಣಿಯ ಹೆಸರಿರಲಿಲ್ಲ. ಇದು ನನಗೆ ನಿಜವಾಗಿ ನೋವಾದ ಕೊರತೆ.

ದೊಡ್ಡ ತಪ್ಪು ಉಂಗುರ ಕೈಗೆ ಬಂದ ದಿನ ಕಂಡಿತು. ಹೇಳಿದ ದಿನಕ್ಕಿಂತ ಒಂಬತ್ತು ದಿನ ತಡ. ಮನೆಗೆ ತಂದು ಗಣಿಯ ಕಾಲದ ನನ್ನ ಮಸೂರದಲ್ಲಿ ನೋಡಿದರೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಇಲ್ಲ! ಹರಳನ್ನು ಹಿಡಿದಿಡುವ ಚಿನ್ನದ ಹಲ್ಲೊಂದು ಸರಿಯಾಗಿ ಅವುಗಳ ಮೇಲೇ ಕೂತಿತ್ತು. ರಾತ್ರಿ ನಿದ್ದೆ ಬರಲಿಲ್ಲ. 'ಯಾರು ನೋಡುತ್ತಾರೆ ಅಪ್ಪಾ, ಇರಲಿ ಬಿಡಿ' ಎಂದಳು ಮಗಳು. ನಾನು ಬೆಳಗಿನ ಬಸ್ಸಿಗೇ ಹೋದೆ. ಹಿರಿಯರು ವಾದಿಸಲಿಲ್ಲ. ಆಚಾರಿಯನ್ನು ಕರೆಸಿ, ನನ್ನೆದುರಿಗೇ ಹಲ್ಲುಗಳನ್ನು ಬಿಡಿಸಿ, ಹರಳನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಕೂರಿಸಿದರು. ಮಜೂರಿ ಕೇಳಲಿಲ್ಲ. ಅಂಕಿಗಳೆಲ್ಲ ಎರಡು ಹಲ್ಲುಗಳ ನಡುವೆ ಬಯಲಾದವು. ಆಚಾರಿ ತಾನೂ ಒಮ್ಮೆ ನೋಡಿ, 'ಇಷ್ಟು ವರ್ಷದಲ್ಲಿ ಇದನ್ನು ಓದಿಸಿದವರು ನೀವೇ ಮೊದಲು ಸ್ವಾಮಿ' ಎಂದ.

ತೆರಿಗೆ ಸೇರಿ 1,18,000 ರೂಪಾಯಿ ಆಯಿತು. ಸಂಖ್ಯೆಯಿಲ್ಲದ ಅಷ್ಟೇ ಗಾತ್ರದ ಹರಳಿಗಿಂತ ಸ್ವಲ್ಪ ದುಬಾರಿ, ನನಗೆ ಭಾರವೆನಿಸಲಿಲ್ಲ. ಚಿನ್ನದ ಹಾಲ್‌ಮಾರ್ಕ್ ಸರಿಯಾಗಿದೆ, ರಸೀದಿಯಲ್ಲಿ ಹರಳಿನ ಸಂಖ್ಯೆಯನ್ನೂ ಬರೆಸಿಕೊಂಡಿದ್ದೇನೆ. ನೀವು ಹೋದರೆ ಹರಳು ಕೂರಿಸುವ ಮೊದಲೇ ಸಂಖ್ಯೆ ಎಲ್ಲಿ ಬರಬೇಕೆಂದು ಆಚಾರಿಗೆ ತೋರಿಸಿ. ಶ್ರಾವಣ ಕಳೆದ ಮೇಲೆ ಹೆಂಡತಿಯ ಓಲೆಗೂ ಅಲ್ಲಿಗೇ ಹೋಗುತ್ತೇವೆ, ಮಸೂರ ನನ್ನ ಜೇಬಿನಲ್ಲೇ ಇರುತ್ತದೆ.